ಬಲತುದಿಯ ಜಗಳ

ವಾವ್ರಾ ನನ್ನನ್ನು ಮದುವೆಯಾಗೆಂದು ಕೇಳಿದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ನನ್ನ ಕಣ್ಣಿಂದ ನೀರು ಸುರಿಯುತ್ತಿದ್ದುದನ್ನು ಕಂಡು, ಅದೆಲ್ಲ ತನ್ನ ಮಾತಿನ ಮಹಿಮೆಯೆಂದೇ ಅವನು ತಿಳಿದ.

"ಅಳ್ಬೇಡ ಕಣೇ ಅಪೊಲೇನಾ. ಈಗ್ಲೇ ಹೇಳು ಅಂತೇನಿಲ್ಲ. ಮಧ್ಯಾಹ್ನದೊಳಗೆ ಹೇಳಿದ್ರೂ ಸಾಕು."

"ಮಧ್ಯಾಹ್ನಕ್ಕೆ ನಿನ್ನ ತಲೆ ಕತ್ತಿನ ಮೇಲಿದ್ರೆ ಹೇಳ್ತೀನಿ," ಎಂದೆ. "ಇವತ್ತು ಯುದ್ಧ ಅನ್ನೋದು ಮರೆತುಹೋಯ್ತಾ?"

"ಮರೆತಿಲ್ಲ. ಅದಕ್ಕೇ ಬೆಳಿಗ್ಗೇನೇ ಕೇಳಿದ್ದು."

ಇಷ್ಟು ಹೇಳಿ ಒಂದು ಹಸಿ ಈರುಳ್ಳಿ ತುಂಡನ್ನು ಬಾಯಿಗೆ ಹಾಕಿಕೊಂಡು, ಎತ್ತರದ ಟೋಪಿಯನ್ನು ಸರಿಮಾಡಿಕೊಂಡು ಹೊರಟೇಬಿಟ್ಟ. ಅವನ ಬೆನ್ನು ನೋಡುತ್ತ ನಿಂತ ನನಗೆ ನಗು ಬಂತು, ಹಿಂದೆಯೇ ಭಯವೂ ಬಂತು.

ಕೌಂಟ್ ಲೆಮ್‌ಬರ್ಕರ ರೆಜಿಮೆಂಟಿನ ಹಿಂದೆ ಗಾಡಿ ಕಟ್ಟಿಕೊಂಡು ಊರೂರು ತಿರುಗುವವಳು ನಾನು. ಬ್ರಾಂದಿ, ಸಾಸೇಜು, ಹೊಗೆಸೊಪ್ಪು, ಗುಂಡಿ, ದಾರ, ಸಿಪಾಯಿಗಳಿಗೆ ಏನು ಬೇಕೋ ಎಲ್ಲವೂ ನನ್ನ ಗಾಡಿಯಲ್ಲಿತ್ತು. ಎರಡು ಸಲ ಮದುವೆಯಾಗಿದ್ದೆ, ಎರಡು ಸಲವೂ ಹಳೆಯ ಯುದ್ಧ ನನ್ನನ್ನು ವಿಧವೆ ಮಾಡಿತ್ತು. ಮೊದಲನೆಯವನು ಮುಂದಿನ ಸಾಲಿನ ಬಲತುದಿಯಲ್ಲಿ ನಿಂತಿದ್ದಾಗ ಫಿರಂಗಿ ಗುಂಡಿಗೆ ಹೋದ. ಎರಡನೆಯವನು ಕುದುರೆ ಸವಾರ, ಎಡತುದಿಯಲ್ಲಿ ಹೋದ. ಇನ್ನೊಮ್ಮೆ ಆದರೆ ನಟ್ಟನಡುವೆ ನಿಲ್ಲುವ ಯಾವನಾದರೂ ಕುಳ್ಳನನ್ನೇ ಆಗಬೇಕು ಎಂದು ಅಂದುಕೊಂಡಿದ್ದೆ. ಆದರೆ ಸಿಕ್ಕಿದ್ದು ವಾವ್ರಾ. ಹುಟ್ಟಿನಿಂದ ಬೇಕರಿಯವನು, ಬಾಗಿಲಿಗೆಲ್ಲ ತಲೆ ಬಗ್ಗಿಸಬೇಕಾದಷ್ಟು ಉದ್ದ. ಉದ್ದದವರನ್ನೆಲ್ಲ ಗ್ರೆನೇಡಿಯರ್ ಎಂಬ ಆಯ್ದ ಸಿಪಾಯಿಗಳನ್ನಾಗಿ ಮಾಡಿ ಬಲತುದಿಗೆ ನಿಲ್ಲಿಸುವುದು ನಮ್ಮ ಸೈನ್ಯದ ಪದ್ಧತಿ. ಅವರಲ್ಲೂ ಇವನೇ ಎಲ್ಲರಿಗಿಂತ ಉದ್ದ. ಅಂದರೆ ತುದಿಯ ತುದಿ.

ಆವತ್ತು ಬೆಳಗಿನ ಜಾವ ಮ್ಲಿನಾ ಹಳ್ಳದ ಮೇಲೆ ಹಾಲಿನಂಥ ಮಂಜು. ಹಳ್ಳದ ಈಚೆ ದಡದಲ್ಲಿ ಬಿಳಿ ಕೋಟಿನ ನಾವು, ಆಚೆ ದಡದಲ್ಲಿ ನೀಲಿ ಕೋಟಿನ ಪ್ರಷ್ಯನ್ನರು. ಬೇಸಿಗೆಯಿಡೀ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೊಹೆಮಿಯಾದ ಆಲೂಗಡ್ಡೆಯನ್ನೆಲ್ಲ ತಿಂದು ಖಾಲಿ ಮಾಡಿದ್ದು ಬಿಟ್ಟರೆ ಬೇರೇನೂ ನಡೆದಿರಲಿಲ್ಲ. ಈಗ ಚಳಿ ಹತ್ತಿರ ಬಂದಿತ್ತು, ನಮ್ಮ ಮುದುಕ ಜನರಲ್ ಸ್ಪೋರ್‌ವಿಟ್ಸರಿಗೆ ಸಾಯುವುದರೊಳಗೆ ಒಂದು ಯುದ್ಧ ಗೆಲ್ಲುವ ಆಸೆ ಹುಟ್ಟಿಬಿಟ್ಟಿತ್ತು.

ಅವರ ಅಡುಗೆ ಗಾಡಿ ಹಿಂದೆಲ್ಲೋ ಕೆಸರಲ್ಲಿ ಹೂತುಹೋದ ಕಾರಣ ಜನರಲ್ಲರು ತಿಂಡಿಗೆ ನನ್ನ ಗಾಡಿಗೇ ಬಂದರು. ಜೊತೆಗೆ ಅವರ ಅಪ್ಪಣೆಗಳನ್ನು ಸಾಗಿಸುವ ಅಡ್ಜುಟೆಂಟ್ ಪೆರ್ಗರ್, ಸದಾ ಮೂಗು ಸೋರುವ ಬಡಕಲು ಮನುಷ್ಯ. ಬೆನ್ನಿಗೇ ಇಬ್ಬರು ಕರ್ನಲ್‌ಗಳು. ಒಬ್ಬರು ನಮ್ಮ ಕೌಂಟ್ ಲೆಮ್‌ಬರ್ಕ್, ಗುಂಡಗೆ ಕೆಂಪಗೆ ಸೇಬಿನ ಹಾಗೆ. ಇನ್ನೊಬ್ಬರು ಪಕ್ಕದ ರೆಜಿಮೆಂಟಿನ ಬ್ಯಾರನ್ ಕ್ವಿಟ್ಟೆನ್, ಒಣಕಲು, ಗರಗಸದಂಥ ದನಿ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಕಾರಣ ಒಂದೇ: ಯಾರ ರೆಜಿಮೆಂಟು ಹಳೆಯದು ಎನ್ನುವುದು.

ಜನರಲ್ಲರು ಗಾಡಿಯ ಹಲಗೆಯ ಮೇಲೆ ನನ್ನ ಸಾಸೇಜುಗಳನ್ನು ಒಂದರ ಪಕ್ಕ ಒಂದು ಉದ್ದಕ್ಕೆ ಇಟ್ಟರು.

"ನೋಡ್ರಯ್ಯಾ, ಇದು ಮೊದಲನೇ ಸಾಲು. ಕಾಲಾಳು. ಕೋವಿಯವರು ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು, ಮಧ್ಯೆ ಗಾಳಿ ಕೂಡ ಆಡಬಾರದು." ಅದರ ಹಿಂದೆ ಸ್ವಲ್ಪ ಜಾಗ ಬಿಟ್ಟು ಇನ್ನೊಂದು ಸಾಲು ಸಾಸೇಜು. "ಇದು ಎರಡನೇ ಸಾಲು. ಮುಂದಿನವರು ಬಿದ್ರೆ ಇವರು ತುಂಬ್ಕೋಬೇಕು." ಎರಡು ಕಡೆಯ ತುದಿಗೂ ಒಂದೊಂದು ಹಿಡಿ ಈರುಳ್ಳಿ. "ಕುದುರೆಯವರು. ಬಲಕ್ಕೊಂದು ರೆಕ್ಕೆ, ಎಡಕ್ಕೊಂದು ರೆಕ್ಕೆ." ಸಾಲಿನ ಮುಂದೆ ಒಣಗಿದ ಪ್ಲಮ್ ಹಣ್ಣುಗಳು, ಅವು ಫಿರಂಗಿ. ಎಲ್ಲದರ ಹಿಂದೆ ಒಂದು ತುಂಡು ಗಿಣ್ಣು. "ಇದು ಮೀಸಲು ಪಡೆ. ಕೊನೇ ಗಳಿಗೆವರೆಗೂ ಮುಟ್ಟಬಾರದು."

"ಎದುರಾಳಿ ಹೇಗೆ ನಿಂತಿರ್ತಾನೆ ದೊರೆ?" ಎಂದ ಪೆರ್ಗರ್.

"ಹೀಗೇ. ಕನ್ನಡಿಯಲ್ಲಿ ನೋಡ್ದಂಗೆ. ನಮಗೂ ಅವರಿಗೂ ಪಾಠ ಹೇಳ್ಕೊಟ್ಟ ಪುಸ್ತಕ ಒಂದೇ ಅಲ್ವಾ?" ಎಂದು ಜನರಲ್ಲರು ಆ ಕಡೆ ಒಂದು ದೊಡ್ಡ ಉಬ್ಬಿದ ರೊಟ್ಟಿಯನ್ನಿಟ್ಟರು. "ಈ ಗುಡ್ಡದ ಮೇಲೆ ಅವರ ದೊಡ್ಡ ಫಿರಂಗಿಗಳಿವೆ. ನೇರವಾಗಿ ನಮ್ಮ ಬಲತುದಿಗೇ ಬಾಯಿ ತೆರ್ಕೊಂಡು ಕೂತಿವೆ. ಆದ್ರಿಂದ ಬಲತುದಿಗೆ ಗಟ್ಟಿ ಜನ ಬೇಕು."

ನನ್ನ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ತುದಿಯ ಸಾಸೇಜು ಬಿರಿದು ಎಣ್ಣೆ ಸುರಿಸುತ್ತಿತ್ತು. ಅದನ್ನು ನೋಡಲಾರದೆ ಬೇರೆ ಕಡೆ ತಿರುಗಿದೆ.

ಕರ್ನಲ್‌ಗಳಿಗೆ ಮಾತ್ರ ಆ ಸಾಸೇಜಿನ ಮೇಲೇ ಕಣ್ಣು. ಬಲತುದಿಯೆಂದರೆ ಸೈನ್ಯದಲ್ಲೆಲ್ಲ ದೊಡ್ಡ ಮರ್ಯಾದೆಯ ಜಾಗ. ಅಲ್ಲಿ ಸಾಯುವುದಕ್ಕೂ ಹಿರಿತನ ಬೇಕು.

"ಅದು ನನ್ನ ಜಾಗ," ಎಂದರು ಕೌಂಟರು.

"ಯಾವ ಲೆಕ್ಕದಲ್ಲಿ?" ಬ್ಯಾರನ್ನರ ಗರಗಸ ಶುರುವಾಯಿತು. "ನನ್ನ ರೆಜಿಮೆಂಟು ತುರ್ಕರ ಮೇಲೆ ಹೋದಾಗ ನಿಮ್ಮೋರು ಎಲ್ಲೋ ಬಾತುಕೋಳಿ ಕಾಯ್ತಿದ್ರು."

"ಬಾತುಕೋಳಿನಾ! ನಿಮ್ಮ ಅಜ್ಜ ತುರ್ಕರನ್ನ ಕಂಡಿದ್ದು ಬೆನ್ನು ತಿರುಗಿಸಿ ಓಡುವಾಗ!"

"ಸಾಕು!" ಎಂದು ಜನರಲ್ಲರು ಹಲಗೆ ಗುದ್ದಿದರು. ಸೈನ್ಯವೆಲ್ಲ ಒಮ್ಮೆ ಎಗರಿ ಬಿತ್ತು. "ಲೆಮ್‌ಬರ್ಕ್ ಬಲಕ್ಕೆ, ಕ್ವಿಟ್ಟೆನ್ ಎಡಕ್ಕೆ. ಇನ್ನೊಂದು ಮಾತು ಬೇಡ." ಹೀಗೆಂದು ಸಿಟ್ಟಿನಲ್ಲಿ ಕೈಗೆ ಸಿಕ್ಕಿದ ಗಿಣ್ಣನ್ನು ಬಾಯಿಗಿಟ್ಟುಕೊಂಡರು. ಮೀಸಲು ಪಡೆ ಅಲ್ಲಿಗೆ ಮುಗಿಯಿತು.

ಬ್ಯಾರನ್ನರು ತುಟಿ ಬಿಗಿದು ಸಲಾಮು ಹೊಡೆದು ಹೋದರು. ಆ ಸಲಾಮು ನೋಡಿದ ಯಾರಿಗೇ ಆದರೂ ಇವರು ಎಡಕ್ಕೆ ಹೋಗುವ ಮನುಷ್ಯರಲ್ಲ ಎಂದು ಗೊತ್ತಾಗುವಂತಿತ್ತು.

ನಗಾರಿ ಬಡಿಯಿತು. ಮಂಜಿನೊಳಗೆ ರೆಜಿಮೆಂಟುಗಳೆಲ್ಲ ಒಂದರ ಹಿಂದೊಂದರಂತೆ ಹೊರಟು, ಹಳ್ಳದ ದಡಕ್ಕೆ ಬಂದು ಸಾಲಾಗಿ ಬಿಚ್ಚಿಕೊಳ್ಳತೊಡಗಿದವು. ಗಾಡಿಯವರು ಹಿಂದೆಯೇ ಉಳಿಯಬೇಕೆಂಬುದು ನಿಯಮ. ನಾನು ನನ್ನ ಹೇಸರಗತ್ತೆಗೆ ಒಂದು ಏಟು ಕೊಟ್ಟು ರೆಜಿಮೆಂಟಿನ ಬೆನ್ನು ಬಿಡದೆ ಹೋದೆ. ಒಬ್ಬ ಸಾರ್ಜೆಂಟು ತಡೆದ.

"ಅಪೊಲೇನಕ್ಕ, ಎಲ್ಲಿಗೆ ಹೊರಟೆ? ಮುಂದೆ ಯುದ್ಧ ಇದೆ."

"ಯುದ್ಧಕ್ಕೆ ಬಾಯಾರಿಕೆ ಆಗಲ್ವೇನಪ್ಪಾ?" ಎಂದು ಅವನ ಕೈಗೊಂದು ಗುಟುಕು ಬ್ರಾಂದಿ ಕೊಟ್ಟೆ. ದಾರಿ ಬಿಟ್ಟ.

ಬಲತುದಿಗೆ ಬಂದು ನೋಡುತ್ತೇನೆ, ಅಲ್ಲಿ ಎರಡು ರೆಜಿಮೆಂಟುಗಳಿವೆ! ಕೌಂಟರ ಜನ ನಿಲ್ಲಬೇಕಾದ ಜಾಗಕ್ಕೆ ಸರಿಯಾಗಿ ಬ್ಯಾರನ್ನರ ಜನವೂ ಬಂದು, ಮಂಜಿನಲ್ಲಿ ಒಬ್ಬರ ಮೂಗಿಗೆ ಒಬ್ಬರ ಮೂಗು ತಾಗುವಂತೆ ನಿಂತಿದ್ದರು. ಕರ್ನಲ್‌ಗಳು ಕುದುರೆಯ ಮೇಲೆ ಕೂತು ಕೂಗಾಡುತ್ತಿದ್ದರು.

"ನೀವು ಎಡಕ್ಕೆ ಹೋಗ್ಬೇಕಿತ್ತು ಬ್ಯಾರನ್!"

"ನಾನು ಎಡಕ್ಕೇ ಬಂದಿದ್ದೀನಿ. ಪ್ರಷ್ಯನ್ನರ ಕಡೆಯಿಂದ ನೋಡಿ, ಇದು ಎಡವೇ!"

ಸಿಪಾಯಿಗಳು ಕಿಸಕ್ಕೆಂದರು. ಆದರೆ ನಾನು ನಗಲಿಲ್ಲ. ಮುಂದಿನ ಸಾಲಿನ ಕಟ್ಟಕಡೆಗೆ ವಾವ್ರಾ ಕಂಬದಂತೆ ನಿಂತಿದ್ದ. ಅವನಿಂದಾಚೆಗೆ, ದೂರದ ಕುದುರೆಯವರವರೆಗೂ, ಬರೀ ಹುಲ್ಲು. ಮಂಜು ತೆಳುವಾಗುತ್ತಿತ್ತು, ಆಚೆ ದಡದ ಗುಡ್ಡ ಮೆಲ್ಲಗೆ ಮೂಡುತ್ತಿತ್ತು, ಅದರ ಮೇಲೆ ಸಾಲಾಗಿ ಕಪ್ಪು ಬಾಯಿಗಳು. ನನ್ನ ಮೊದಲ ಗಂಡ ಓಂದ್ರೇಯ್ ನಿಂತಿದ್ದ ಹಾಗೆಯೇ ಇವನೂ ನಿಂತಿದ್ದ, ಅದೇ ಎದೆ ಮುಂದೆ ಮಾಡಿಕೊಂಡು. ಆಗ ನನಗೆ ಖಂಡಿತವಾಗಿ ಗೊತ್ತಾಯಿತು: ಈ ಮನುಷ್ಯ ನನಗೆ ಬೇಕು, ಇಡಿಯಾಗಿ ಬೇಕು. ಇವನ ಬಲಗಡೆಗೆ ಬೇರೆ ಯಾರಾದರೂ, ಏನಾದರೂ, ಒಂದು ಗೋಡೆಯಾದರೂ ಇರಲಿ.

ಗಾಡಿಯ ಮೇಲೆ ಎದ್ದುನಿಂತು ಕೂಗಿಬಿಟ್ಟೆ.

"ಬ್ಯಾರನ್ ದೊರೆಗಳೇ! ಇಲ್ಲಿ ಯಾಕೆ ಒದ್ದಾಡ್ತೀರಾ? ಅವರಿಂದ ಆ ಕಡೆ ಹೋಗಿ ನಿಂತ್ರೆ ನೀವೇ ಬಲತುದಿ ಅಲ್ವಾ? ಅಲ್ಲಿ ಬೇಕಾದಷ್ಟು ಹುಲ್ಲಿದೆ!"

ಬ್ಯಾರನ್ನರು ತಿರುಗಿ ನೋಡಿದರು. ಆ ಒಣಕಲು ಮುಖದ ಮೇಲೆ ಸೂರ್ಯ ಹುಟ್ಟಿದ. ಕತ್ತಿ ಎತ್ತಿದರು, ಅವರ ರೆಜಿಮೆಂಟಿಗೆ ರೆಜಿಮೆಂಟೇ ನಮ್ಮವರ ಬೆನ್ನ ಹಿಂದಿನಿಂದ ಸುತ್ತಿ ಹೋಗಿ ಬಲಕ್ಕೆ ನಿಂತಿತು. ವಾವ್ರಾನ ಪಕ್ಕಕ್ಕೆ ಒಂದು ಸಾಲು ಹೊಸ ಭುಜಗಳು. ನನಗೆ ಹೋದ ಜೀವ ಬಂತು.

ಕೌಂಟರ ಮುಖ ಮಾತ್ರ ಸೇಬಿನಿಂದ ಬೀಟ್‌ರೂಟಿಗೆ ತಿರುಗಿತು. "ಹಾಗೋ! ರೆಜಿಮೆಂಟ್, ಬಲಕ್ಕೆ ತಿರುಗು! ನಡೀ!" ನಮ್ಮವರು ಬ್ಯಾರನ್ನರ ಬೆನ್ನ ಹಿಂದಿನಿಂದ ಸುತ್ತಿ ಹೋಗಿ ಅವರಿಗಿಂತ ಬಲಕ್ಕೆ ನಿಂತರು. ವಾವ್ರಾ ಮತ್ತೆ ತುದಿಗೆ. ನಾನು ಬಾಯಿ ತೆರೆಯುವ ಮೊದಲೇ ಬ್ಯಾರನ್ನರು ಹೊರಟಾಗಿತ್ತು. ಅವರು ಬಲಕ್ಕೆ. ಇವರು ಅವರ ಬಲಕ್ಕೆ. ಮತ್ತೆ ಅವರು. ಮಕ್ಕಳು ಕಪ್ಪೆಯಾಟ ಆಡುವಂತೆ ಎರಡು ರೆಜಿಮೆಂಟುಗಳು ಒಂದನ್ನೊಂದು ದಾಟಿ ದಾಟಿ ಪೂರ್ವದ ಕಡೆ ಹೊರಟವು.

ಸಾಲೆಂದರೆ ಸಾಲು, ಮಧ್ಯೆ ಬಿರುಕು ಬಿಡುವಂತಿಲ್ಲ. ಬಲಗಡೆ ಜಾಗ ಖಾಲಿಯಾದರೆ ಪಕ್ಕದವರು ಬಲಕ್ಕೆ ಒತ್ತಿಕೊಳ್ಳಬೇಕು. ಹಾಗಾಗಿ ಮೂರನೆಯ ರೆಜಿಮೆಂಟು ಒತ್ತಿಕೊಂಡಿತು, ಅದರ ಹಿಂದೆ ನಾಲ್ಕನೆಯದು, "ಬಲಕ್ಕೆ ಒತ್ತು! ಬಲಕ್ಕೆ ಒತ್ತು!" ಎನ್ನುವ ಕೂಗು ಮಂಜಿನೊಳಗೆ ದೂರ ದೂರ ಹೋಗಿ ಎಡತುದಿಯವರೆಗೂ ಮುಟ್ಟಿತು. ಮೊದಲ ಸಾಲು ಸರಿದರೆ ಎರಡನೆಯ ಸಾಲು ಸುಮ್ಮನೆ ನಿಲ್ಲುತ್ತದೆಯೆ? ಅದೂ ಸರಿಯಿತು. ಫಿರಂಗಿಯವರು ಬಾಯಿಗೆ ಬಂದಂತೆ ಬೈಯುತ್ತ, ಹೂಡಿದ ಫಿರಂಗಿಗಳನ್ನು ಕಿತ್ತು ಮತ್ತೆ ಕುದುರೆ ಕಟ್ಟಿದರು.

ಬಲಗಡೆಯ ರೆಕ್ಕೆಯ ಕುದುರೆ ಸವಾರರಿಗೆ ಎಲ್ಲರಿಗಿಂತ ಹೆಚ್ಚು ಕಷ್ಟ. ಕಾಲಾಳುಗಳು ಬಂದು ಬಂದು ಮೈಮೇಲೆ ಬೀಳುತ್ತಿದ್ದರಿಂದ ಅವರು ಹಿಂದುಮುಂದು ನೋಡದೆ ಸರಿಯುತ್ತ ಸರಿಯುತ್ತ ಒಂದು ಹಳ್ಳಿಯೊಳಗೆ ನುಗ್ಗಿದರು. ಬಾತುಕೋಳಿಗಳ ಹಿಂಡೊಂದು ರೆಕ್ಕೆ ಬಡಿದು ಕುದುರೆಗಳ ಕಾಲಡಿಗೆ ಬಂತು. ಒಬ್ಬ ಸವಾರನ ಪಿಸ್ತೂಲು ಗಾಬರಿಯಲ್ಲಿ ಹಾರಿತು. ಆ ದಿನದ ಯುದ್ಧದಲ್ಲಿ ಎರಡು ಸೈನ್ಯಗಳೂ ಸೇರಿ ಹಾರಿಸಿದ ಗುಂಡು ಅದೊಂದೇ. ಹಳ್ಳಿಯ ಹೆಂಗಸೊಬ್ಬಳು ಸತ್ತ ಬಾತನ್ನು ಕತ್ತು ಹಿಡಿದೆತ್ತಿಕೊಂಡು, "ಇದೇನಾ ನಿಮ್ಮ ಶೂರತನ? ಇದೇನಾ?" ಎಂದು ಕುದುರೆಗಳ ಹಿಂದೆ ಓಡಿದಳು.

ಅಷ್ಟರಲ್ಲಿ ಮಂಜು ಪೂರ್ತಿ ಕರಗಿ ಬಿಸಿಲು ಬಿತ್ತು. ನಾನು ಹಳ್ಳದ ಆಚೆಗೆ ನೋಡಿದೆ. ನೋಡಿದವಳೇ ಗಾಡಿಯ ಕಂಬ ಹಿಡಿದುಕೊಂಡೆ.

ಪ್ರಷ್ಯನ್ನರೂ ಸರಿಯುತ್ತಿದ್ದರು!

ನಮ್ಮ ಬಲತುದಿ ಅವರ ಎಡತುದಿಯನ್ನು ದಾಟಿ ಮುಂದೆ ಹೋದರೆ, ನಾವು ಹಳ್ಳ ದಾಟಿ ಪಕ್ಕೆಗೆ ತಿವಿಯುತ್ತೇವೆಂಬ ಭಯ ಅವರಿಗೆ. ಅದಕ್ಕೆ ಅವರೂ ತಮ್ಮ ಸಾಲನ್ನು ಎಳೆಯುತ್ತಿದ್ದರು. ಅವರ ಎಡಗಡೆಯ ಸವಾರರು ಜೌಗಿಗೆ ಬಿದ್ದು ಹೊಟ್ಟೆವರೆಗೆ ಕೆಸರಲ್ಲಿ ಈಜುತ್ತಿದ್ದರು. ಗುಡ್ಡದ ಮೇಲಿನ ಆ ದೊಡ್ಡ ಫಿರಂಗಿಗಳನ್ನು ಹಗ್ಗ ಕಟ್ಟಿ ಕೆಳಗಿಳಿಸುತ್ತಿದ್ದರು. ನನ್ನ ವಾವ್ರಾನ ಕಡೆ ಬಾಯಿ ತೆರೆದಿದ್ದ ಒಂದೊಂದು ಫಿರಂಗಿಯೂ ಹಿಂದುಮುಂದಾಗಿ ಜಾರುತ್ತ ಇಳಿಯುವುದನ್ನು ನೋಡಿ ನಾನು ಗಾಡಿಯ ಮೇಲೇ ಕುಣಿದೆ.

ಆಗ ನಮ್ಮ ಜನರಲ್ಲರು ಕುದುರೆ ಓಡಿಸಿಕೊಂಡು ಬಂದರು. ಕೊರಳಿಗೆ ಕಟ್ಟಿದ್ದ ಊಟದ ಬಟ್ಟೆ ಇನ್ನೂ ಗಾಳಿಗೆ ಹಾರುತ್ತಿತ್ತು.

"ಯಾವನವನು! ಯಾವನು ಅಪ್ಪಣೆ ಕೊಟ್ಟಿದ್ದು ಇದಕ್ಕೆ! ಅವನನ್ನ ಇಲ್ಲೇ ನೇತುಹಾಕಿಸ್ತೀನಿ!"

ನಾನು ಗಾಡಿಯೊಳಗೆ ಮೆಲ್ಲಗೆ ಕುಳಿತೆ. ಕೌಂಟರು ಬ್ಯಾರನ್ನರ ಕಡೆ ಬೆರಳು ತೋರಿಸಿದರು, ಬ್ಯಾರನ್ನರು ಕೌಂಟರ ಕಡೆ ತೋರಿಸಿದರು. ಅಷ್ಟರಲ್ಲಿ ಪೆರ್ಗರ್ ದುರ್ಬೀನು ಹಿಡಿದುಕೊಂಡೇ ಕಿರುಚಿದ.

"ದೊರೆ! ಅವರು ಗುಡ್ಡ ಬಿಟ್ಟು ಹೋಗ್ತಿದ್ದಾರೆ!"

"ಏನು?"

"ಗುಡ್ಡ ಖಾಲಿ, ದೊರೆ! ನಮ್ಮ ಚಲನೆ ನೋಡಿ ಹೆದರಿದ್ದಾರೆ!"

ಜನರಲ್ಲರು ದುರ್ಬೀನು ಕಸಿದುಕೊಂಡು ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಊಟದ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ ಜೇಬಿಗೆ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿದರು.

"ಅಪ್ಪಣೆ ಕೊಟ್ಟಿದ್ದು ನಾನೇ," ಎಂದರು. "ಯಾಕೆ ನಿಂತ್ರಿ ಎಲ್ಲಾ? ಬಲಕ್ಕೆ! ಇನ್ನೂ ಬಲಕ್ಕೆ!"

ಆಮೇಲೆ ನಡೆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಎರಡು ಸೈನ್ಯಗಳು ಒಂದು ಹಳ್ಳದ ಎರಡು ದಡಗಳಲ್ಲಿ ಎದುರುಬದುರಾಗಿ ಏಡಿಯ ಹಾಗೆ ಅಡ್ಡಡ್ಡ ನಡೆದವು. ನಾವು ಬೇಗ ನಡೆದರೆ ಅವರೂ ಬೇಗ, ನಾವು ನಿಂತರೆ ಅವರೂ ನಿಲ್ಲುತ್ತಿದ್ದರು. ಹೆಜ್ಜೆ ತಪ್ಪದಿರಲೆಂದು ನಮ್ಮ ವಾದ್ಯದವರು ಶುರುಮಾಡಿದರು. ಅವರ ಕಡೆಯ ಪಿಳ್ಳಂಗೋವಿಗಳೂ ಶುರುವಾದವು. ಸ್ವಲ್ಪ ಹೊತ್ತಿಗೆ ಎರಡೂ ತಾಳ ಒಂದಕ್ಕೊಂದು ಸಿಕ್ಕಿಹಾಕಿಕೊಂಡು, ಯಾವುದೋ ಮದುವೆಮನೆಯ ಕುಣಿತದ ಹಾಗೆ ಕೇಳತೊಡಗಿತು. ಬೆಳಿಗ್ಗೆ ಸಾಯಲು ಸಿದ್ಧರಾಗಿ ಹೊರಟಿದ್ದ ಜನಕ್ಕೆ ಅಕ್ಕಪಕ್ಕದವನ ಮುಖ ನೋಡಿದರೆ ಸಾಕು ನಗು ಉಕ್ಕುತ್ತಿತ್ತು. ಒಬ್ಬನಿಂದ ಇನ್ನೊಬ್ಬನಿಗೆ ಹತ್ತಿ, ಸಾಲಿಗೆ ಸಾಲೇ ಹೊಟ್ಟೆ ಹಿಡಿದುಕೊಂಡು ನಡೆಯಿತು. ಸಾರ್ಜೆಂಟುಗಳು "ನಗಬಾರ್ದು!" ಎಂದು ಬೈಯಲು ಹೋಗಿ ತಾವೇ ಕಣ್ಣೊರೆಸಿಕೊಳ್ಳುತ್ತಿದ್ದರು. ಆಚೆ ದಡದಲ್ಲೂ ನೀಲಿ ಭುಜಗಳು ಕುಲುಕುತ್ತಿದ್ದವು. ನಾನು ಗಾಡಿಯನ್ನು ಸಾಲಿನ ಪಕ್ಕಕ್ಕೇ ಓಡಿಸುತ್ತ, ಯಾರು ಕೈ ಚಾಚಿದರೂ ಬ್ರಾಂದಿ ಸುರಿಯುತ್ತ ಹೋದೆ.

"ಮಧ್ಯಾಹ್ನ ಆಯ್ತು ಕಣೇ!" ಎಂದು ವಾವ್ರಾ ನಡೆನಡೆಯುತ್ತಲೇ ಕೂಗಿದ. "ತಲೆ ನೋಡು, ಇನ್ನೂ ಇದೆ!"

"ಯುದ್ಧ ಮುಗ್ದಿಲ್ವಲ್ಲ!"

"ಇದು ಮುಗಿಯೋ ಹೊತ್ತಿಗೆ ನಾವು ರಷ್ಯಾದಲ್ಲಿರ್ತೀವಿ!"

ರಷ್ಯಾದವರೆಗೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಮ್ಲಿನಾ ಹಳ್ಳ ಹೋಗಿ ಲಾಬೆ ನದಿಗೆ ಸೇರುವ ಜಾಗ ಬಂತು. ನದಿಯೆಂದರೆ ಅಗಲವಾದ, ಯಾರ ಹಿರಿತನಕ್ಕೂ ಬಗ್ಗದ ನೀರು. ಅದಕ್ಕಿಂತ ಬಲಕ್ಕೆ ಜಾಗವೇ ಇಲ್ಲ. ಕುದುರೆಯವರು ಹಿಂದೆಯೇ ಉಳಿದಿದ್ದರಿಂದ ಆ ಗಳಿಗೆಯಲ್ಲಿ ತುದಿಯಲ್ಲಿದ್ದುದು ಕೌಂಟರ ರೆಜಿಮೆಂಟು. ವಾವ್ರಾನ ಒಂದು ಬೂಟು ದಡದ ಮೇಲಿತ್ತು, ಒಂದು ನೀರಲ್ಲಿತ್ತು.

"ನಿಲ್ಲು! ಎದುರಿಗೆ ತಿರುಗು!"

ಎರಡು ಕಡೆಯೂ ವಾದ್ಯ ನಿಂತಿತು. ನಗು ನಿಂತಿತು. ಇಡೀ ಸೈನ್ಯ ಎದುರಿಗೆ ತಿರುಗಿತು, ಆಚೆ ದಡದಲ್ಲಿ ಅವರೂ ತಿರುಗಿದರು. ಹಳ್ಳ ಅಲ್ಲಿ ಎಷ್ಟು ಕಿರಿದಾಗಿತ್ತೆಂದರೆ ಪ್ರಷ್ಯನ್ನರ ಮೀಸೆಗೆ ಅಂಟಿದ ಕೆಸರೂ ಕಾಣುತ್ತಿತ್ತು. ಯಾರೋ ಗುರಿಯಿಡಲು ಕೋವಿ ಎತ್ತಿದ ಸದ್ದು ಕೇಳಿತು. ಇಷ್ಟು ದೂರ ನಗುತ್ತ ಬಂದು ಇಲ್ಲಿ, ಇಷ್ಟು ಹತ್ತಿರದಲ್ಲಿ!

"ಫಿರಂಗಿ ಎಲ್ಲಿ?" ಎಂದು ಜನರಲ್ಲರು ಕೇಳಿದರು.

ಪೆರ್ಗರ್ ಮೂಗು ಒರೆಸಿಕೊಂಡ. "ಹಿಂದೆ ಇವೆ, ದೊರೆ. ಆ ಹಳ್ಳಿಯ ಕೆರೆಯಲ್ಲಿ."

"ಕೆರೆಯಲ್ಲಿ?"

"ಅವರದ್ದು ಜೌಗಿನಲ್ಲಿವೆ. ನಾನೇ ನೋಡಿದೆ."

"ರೊಟ್ಟಿ ಗಾಡಿಗಳು?"

"ಅವುಗಳ ಸುದ್ದಿ ಬೆಳಿಗ್ಗೆಯಿಂದ ಇಲ್ಲ."

ಫಿರಂಗಿಯಿಲ್ಲದೆ, ರೊಟ್ಟಿಯಿಲ್ಲದೆ, ಕತ್ತಲಾಗುವ ಹೊತ್ತಿಗೆ ಹಳ್ಳ ದಾಟಿ ಮೇಲೆ ಬೀಳುವಷ್ಟು ಹುಚ್ಚು ನಮ್ಮ ಮುದುಕನಿಗೂ ಇರಲಿಲ್ಲ, ಅವರ ಮುದುಕನಿಗೂ ಇರಲಿಲ್ಲ. ಒಬ್ಬರನ್ನೊಬ್ಬರು ದುರ್ಬೀನಿನಲ್ಲಿ ನೋಡಿಕೊಂಡರು. ನಮ್ಮ ಜನರಲ್ಲರು ಮೊದಲು ಟೋಪಿ ಎತ್ತಿದರು. ಆಚೆಯಿಂದಲೂ ಒಂದು ಟೋಪಿ ಎದ್ದಿತು.

"ಪೆರ್ಗರ್," ಎಂದರು ಜನರಲ್ಲರು, "ನಾವು ಗೆದ್ವಿ ಅನ್ಸುತ್ತೆ."

ನಿಂತಿದ್ದುದು ಒಂದು ದೊಡ್ಡ ಆಲೂಗಡ್ಡೆ ಹೊಲದ ಮೇಲೆ ಎಂಬುದನ್ನು ಮೊದಲು ಕಂಡದ್ದು ಯಾರೋ ತಿಳಿಯದು. ಒಬ್ಬ ಕೋವಿಯ ತುದಿಯ ಚೂರಿಯಿಂದ ನೆಲ ಕೆದಕಿದ, ಮರುಗಳಿಗೆಗೆ ಇಡೀ ಮೊದಲ ಸಾಲು ಮಂಡಿಯೂರಿ ಅಗೆಯುತ್ತಿತ್ತು. ಎರಡನೆಯ ಸಾಲು ಸೌದೆ ತಂದಿತು. ಕೌಂಟರೂ ಬ್ಯಾರನ್ನರೂ ಒಂದೇ ಬೆಂಕಿಯ ಎರಡು ಬದಿಗೆ ಕೂತು, ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ, ತುರ್ಕರ ವಿಷಯ ಮುಂದುವರಿಸಿದರು. ಹಸಿವಿಗೆ ದನಿ ಮಾತ್ರ ಮೆತ್ತಗಾಗಿತ್ತು.

ಆಚೆ ದಡದಿಂದ ಒಬ್ಬ ನೀಲಿ ಕೋಟಿನವನು ಬಾಯಿಯ ಸುತ್ತ ಕೈ ಹಿಡಿದು ಕೂಗಿದ. "ಏನ್ರಪ್ಪಾ ಬಿಳಿ ಕೋಟಿನೋರೇ! ಉಪ್ಪಿದ್ಯಾ?"

"ಇದೆ!" ಎಂದು ನಾನು ಕೂಗಿದೆ. "ನಿಮ್ಮ ಹತ್ರ ಏನಿದೆ?"

"ಬೆಣ್ಣೆ!"

ವಾವ್ರಾನಿಗೆ ಹೇಗೂ ಒಂದು ಬೂಟು ಒದ್ದೆಯಾಗಿತ್ತು. ಉಪ್ಪಿನ ಚೀಲವನ್ನು ತಲೆಯ ಮೇಲೆ ಹೊತ್ತು, ಎದೆವರೆಗಿನ ನೀರಲ್ಲಿ ದಾಟಿದ. ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ನೀಲಿಯವರು ಅವನ ಕೈ ಹಿಡಿದು ಮೇಲೆಳೆದುಕೊಂಡರು, ಅವನ ಎತ್ತರ ನೋಡಿ ಏನೋ ಗೇಲಿ ಮಾಡಿದರು, ಅವನೂ ಏನೋ ಅಂದ, ಎಲ್ಲರೂ ನಕ್ಕರು. ಎಲೆಯಲ್ಲಿ ಸುತ್ತಿದ ಬೆಣ್ಣೆ ಹಿಡಿದುಕೊಂಡು ವಾಪಸ್ಸು ಬಂದ, ಹಲ್ಲು ಕಟಕಟ ಕಡಿಯುತ್ತಿತ್ತು.

"ಏನಂದ್ರು ಅವರು?"

"ನೀನು ಬಿದ್ರೆ ಹಳ್ಳಕ್ಕೆ ಸೇತುವೆ ಆಗುತ್ತೆ ಅಂದ್ರು."

"ನೀನೇನಂದೆ?"

"ನಾಳೆ ನನ್ನ ಮದುವೆ, ಸೇತುವೆ ಆಗೋಕೆ ಪುರುಸೊತ್ತಿಲ್ಲ ಅಂದೆ."

"ನಾನು ಹೂಂ ಅಂದಿಲ್ಲವಲ್ಲೋ!"

"ಅದಕ್ಕೇನೀಗ? ಅವರಿಗೆ ಹೇಳಾಗಿದೆ. ಶತ್ರುವಿಗೆ ಕೊಟ್ಟ ಮಾತು ತಪ್ಪಬಾರದು."

ನಾನು ಹೂಂ ಎಂದೆನೋ ಇಲ್ಲವೋ ಈಗಲೂ ನೆನಪಿಲ್ಲ. ಅವನ ಒದ್ದೆ ಕೋಟಿನ ಎರಡೂ ಅಂಚು ಹಿಡಿದು ಬಗ್ಗಿಸಿಕೊಂಡು ಮುತ್ತಿಟ್ಟದ್ದು ನೆನಪಿದೆ. ಸುತ್ತ ಬೆಂಕಿಗಳ ಬಳಿ ಕೂತಿದ್ದವರೆಲ್ಲ ಹೋ ಎಂದು ಕೂಗಿದರು. ಅದು ಏನೆಂದು ತಿಳಿಯದೆ, ಪ್ರಷ್ಯನ್ನರೂ ಆಚೆಯಿಂದ ಕೂಗಿದರು.

ಮರುದಿನ ಬೆಳಿಗ್ಗೆ ನಮ್ಮ ಪಾದ್ರಿ ಆ ಆಲೂಗಡ್ಡೆ ಹೊಲದಲ್ಲೇ ಮದುವೆ ಮಾಡಿಸಿದರು. ಪೆರ್ಗರ್ ಸಾಕ್ಷಿಯಾಗಿ ನಿಂತು ಎರಡು ಸಲ ಸೀನಿದ. ಬಾತುಕೋಳಿ ಕಳೆದುಕೊಂಡ ಆ ಹಳ್ಳಿಯ ಹೆಂಗಸು ನಷ್ಟ ಕೇಳಲು ಅಲ್ಲಿಯವರೆಗೂ ನಡೆದುಬಂದಿದ್ದಳು. ಮದುವೆ ಎಂದು ಕೇಳಿದ್ದೇ ತಡ, ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡು, ಹೋಗಿ ಇನ್ನೂ ಮೂರು ಬಾತು ತಂದು ಕುಯ್ದಳು. ಸೈನ್ಯ ಚಳಿಗಾಲದ ಬಿಡಾರಕ್ಕೆ ಹೊರಟಾಗ ನಾನೂ ವಾವ್ರಾನೂ ಗಾಡಿಯ ಮೇಲೆ ಅಕ್ಕಪಕ್ಕ ಕೂತಿದ್ದೆವು. ಅವನಿಗೆ ಹಿಂದಿನ ದಿನದ ನೀರಿಗೆ ಜೋರು ನೆಗಡಿಯಾಗಿ, ಜ್ವರದ ಅಮಲಿನಲ್ಲಿ ದಾರಿಯುದ್ದಕ್ಕೂ ತಾನು ಇಡಲಿರುವ ಬೇಕರಿಯಲ್ಲಿ ಯಾವ ಯಾವ ಬ್ರೆಡ್ಡು ಮಾಡುವೆನೆಂದು ಹಾಡುತ್ತ ಬಂದ.